ಸುಳ್ಳು ಹೂಂ

ಫೋನಿನಲ್ಲಿ ನಾನು ಹೂಂ ಅನ್ನುವುದಿಲ್ಲ. ಆ ಕಡೆಯವರು ಮಾತಾಡುತ್ತ ಹೋಗುತ್ತಾರೆ, ನಾನು ಬಾಯಿ ಮುಚ್ಚಿ ಕೇಳುತ್ತ ನಿಂತಿರುತ್ತೇನೆ. ಸ್ವಲ್ಪ ಹೊತ್ತಿಗೆ ಅವರು "ಹಲೋ, ಹಲೋ, ಲೈನ್ ಐತೋ ಇಲ್ಲೋ?" ಎಂದು ಕೂಗಲು ಶುರುಮಾಡುತ್ತಾರೆ. ನನ್ನ ಗಂಡನಿಗೆ ಇದು ತಮಾಷೆ. "ನಿನ್ನ ಹೂಂ ಏನ ಬಂಗಾರದ್ದೇನ?" ಎಂದು ಕೇಳುತ್ತಾನೆ. ಹೌದು, ನನ್ನ ಮಟ್ಟಿಗೆ ಬಂಗಾರದ್ದೇ. ಒಂದು ಖೋಟಾ ಹೂಂ ನನಗೆ ಏನು ಮಾಡಿತು ಎಂಬುದು ಅವನಿಗೂ ಗೊತ್ತು, ಆದರೂ ಕೇಳುತ್ತಾನೆ. ಗಂಡಸರ ಸ್ವಭಾವ.

ನಾನು ಹುಟ್ಟಿ ಬೆಳೆದದ್ದು ಗಡಿಯಾಚೆ, ಮಹಾರಾಷ್ಟ್ರದ ಜತ್ತ ತಾಲೂಕಿನ ಸೋನ್ಯಾಳದಲ್ಲಿ. ನಮ್ಮದು ಗಾದಿ ಹೊಲಿಯುವ ಮನೆತನ. ನಾವು ಮುಸಲ್ಮಾನರು. ಮನೆಯಲ್ಲಿ ಕನ್ನಡ, ದೂರದ ನೆಂಟರು ಬಂದರೆ ದಖನಿ, ಸರಕಾರಿ ಮನುಷ್ಯ ಬಂದರೆ ಮರಾಠಿ. ಹಳೆಯ ಗಾದಿ ದುರಸ್ತಿಗೆ ಬಂತೆಂದರೆ ಅದನ್ನು ಬಿಚ್ಚಿ, ಗಂಟುಗಟ್ಟಿದ ಹತ್ತಿಯನ್ನು ಮೊದಲು ಕೈಯಿಂದ ಹಿಂಜಬೇಕು. ಆ ಕೆಲಸ ಮನೆಯ ಹೆಣ್ಣುಮಕ್ಕಳದ್ದು. ಮಧ್ಯಾಹ್ನ ಊಟವಾದ ಮೇಲೆ ಹತ್ತಿಯ ಗುಡ್ಡೆಯ ಸುತ್ತ ಕುಳಿತರೆ ಕಣ್ಣು ತಾನಾಗಿ ಮುಚ್ಚುತ್ತಿತ್ತು. ನಿದ್ದೆ ಓಡಿಸಲು ಅಜ್ಜಿ ಕಥೆ ಹೇಳುತ್ತಿದ್ದಳು. ಪ್ರತಿ ಮಾತಿಗೂ ನಾವು ಹೂಂ ಅನ್ನಬೇಕು. ಹೂಂ ಬರಲಿಲ್ಲವೆಂದರೆ ಕಥೆ ಅಲ್ಲಿಗೇ ನಿಲ್ಲುತ್ತಿತ್ತು.

ನಿದ್ದೆಗಣ್ಣಿನಲ್ಲಿ ಹೂಂ ಅನ್ನುವುದು ಸುಲಭ ಎಂದು ಅಜ್ಜಿಗೆ ಗೊತ್ತಿತ್ತು. ಅದಕ್ಕೇ ಅವಳು ನಡುನಡುವೆ ಒಂದು ಸುಳ್ಳು ಸೇರಿಸುತ್ತಿದ್ದಳು. "ರಾಜಾನ ಕುದರಿ ಬಾವ್ಯಾಗ ಬಿದ್ದು ಸತ್ತು ಹೋತು" ಅನ್ನುವಳು. ಹೂಂ. "ರಾಜಾ ಭಾಳ ಅತ್ತ." ಹೂಂ. "ಆಮ್ಯಾಲ ಅದs ಕುದರಿ ಹತ್ತಿ ಊರಿಗೆ ಹ್ವಾದ." ಇಲ್ಲಿ ಯಾರಾದರೂ ಹೂಂ ಅಂದರೆ ಮುಗಿಯಿತು, ಹತ್ತಿಯ ಉಂಡೆ ತಲೆಗೆ ಬಡಿಯುತ್ತಿತ್ತು. "ಸತ್ತ ಕುದರಿ ಎದ್ದು ಬಂತೇನ? ಸುಳ್ಳ ಹೂಂ ಅಂತಿ? ನಡಿ, ಎದ್ದ ಹೋಗ ಇಲ್ಲಿಂದ!" ಸುಳ್ಳು ಹೂಂ ಅಂದವರಿಗೆ ಆವತ್ತು ಕಥೆ ಇಲ್ಲ. ಅಜ್ಜಿ ಈ ವಿಷಯದಲ್ಲಿ ಮೊಮ್ಮಕ್ಕಳು, ಸೊಸೆಯಂದಿರು ಎಂದು ಭೇದ ಮಾಡುತ್ತಿರಲಿಲ್ಲ.

ಆ ಗುಡ್ಡೆಯ ಸುತ್ತ ಕೂರುತ್ತಿದ್ದವರಲ್ಲಿ ಒಬ್ಬಳು ಮಾತ್ರ ನಮ್ಮ ಮನೆಯವಳಲ್ಲ. ನಮ್ಮ ಅಂಗಡಿಯ ಎದುರಿಗೇ ಅವಳ ಅಪ್ಪನ ಕಿರಾಣಿ ಅಂಗಡಿ. ಹಣೆಗೆ ವಿಭೂತಿ ಹಚ್ಚಿಕೊಂಡು, ಎರಡು ಜಡೆ ಹಾಕಿಕೊಂಡು, ಕಥೆಯ ಆಸೆಗೆ ರಸ್ತೆ ದಾಟಿ ಬರುತ್ತಿದ್ದಳು. ಅವಳ ಮನೆಯಲ್ಲಿ ಕಥೆ ಹೇಳುವವರು ಇರಲಿಲ್ಲ. ಅಜ್ಜಿಯ ಸುಳ್ಳನ್ನು ಎಲ್ಲರಿಗಿಂತ ಮೊದಲು ಹಿಡಿಯುತ್ತಿದ್ದವಳು ಅವಳೇ. ತುಟಿ ಬಿಗಿ ಹಿಡಿದು ಸುಮ್ಮನಾಗಿಬಿಡುತ್ತಿದ್ದಳು. ಅಜ್ಜಿ ಹಿಗ್ಗಿ ಹೋಗುತ್ತಿದ್ದಳು. "ಹೂಂ ಅಂದ್ರ ಈಕೀದು ನೋಡ್ರಿ" ಅನ್ನುತ್ತಿದ್ದಳು. ನನಗೆ ಸ್ವಲ್ಪ ಹೊಟ್ಟೆಯುರಿ ಆಗುತ್ತಿತ್ತು, ಆದರೆ ಅವಳು ನನ್ನ ಗೆಳತಿ, ಹೀಗಾಗಿ ಹೆಮ್ಮೆಯೂ ಆಗುತ್ತಿತ್ತು.

ಕನ್ನಡ ಸಾಲೆ ಮುಗಿಸಿ ನಾವಿಬ್ಬರೂ ಎಸ್ಟಿ ಬಸ್ಸು ಹತ್ತಿ ಜತ್ತಿಗೆ ಕಾಲೇಜಿಗೆ ಹೋಗತೊಡಗಿದ್ದು ತೊಂಬತ್ತರ ದಶಕದ ಶುರುವಿನಲ್ಲಿ. ಅಲ್ಲಿ ಪಾಠವೆಲ್ಲ ಮರಾಠಿ, ಪುಸ್ತಕ ಇಂಗ್ಲಿಷು. ತಲೆಗೆ ಹತ್ತಬೇಕೆಂದರೆ ನಮಗೆ ಕನ್ನಡವೇ ಬೇಕು. ಬಸ್ಸಿನಲ್ಲಿ ಕುಳಿತು ನಾನು ಪ್ರಮೇಯವನ್ನು ಕನ್ನಡದಲ್ಲಿ ಕಥೆಯ ಹಾಗೆ ಹೇಳುವುದು, ಅವಳು ಹೂಂ ಅನ್ನುವುದು. ಒಪ್ಪಿಗೆಯಾದರೆ ಹೂಂ, ಇಲ್ಲವಾದರೆ ಮೌನ. ಮೌನವಾದರೆ ನಾನು ಹಿಂದೆ ಹೋಗಿ ಆ ಹೆಜ್ಜೆಯನ್ನು ಸರಿಮಾಡಿಕೊಂಡು ಬರಬೇಕು. ನಾನೂ ಅಜ್ಜಿಯ ಹಾಗೆ ಬೇಕೆಂದೇ ತಪ್ಪು ಹೆಜ್ಜೆ ಹಾಕುತ್ತಿದ್ದೆ. ಅವಳು ಒಮ್ಮೆಯೂ ಸಿಕ್ಕಿಬೀಳಲಿಲ್ಲ. ಕಂಡಕ್ಟರ್ ನಮ್ಮನ್ನು ನೋಡಿ, "ಏನ್ರವಾ, ಪುರಾಣ ಹಚ್ಚೀರೇನ?" ಎಂದು ಕೇಳುತ್ತಿದ್ದ. ಹೀಗೆ ಹೂಂ ಅಂದುಕೊಂಡೇ ನಾವು ಬಿ.ಎಸ್ಸಿ. ಮುಗಿಸಿದೆವು, ಹೂಂ ಅಂದುಕೊಂಡೇ ವಿದ್ಯಾಪೀಠಕ್ಕೆ ಹೋಗಿ ಎಂ.ಎಸ್ಸಿ. ಮಾಡಿದೆವು.

ಆಮೇಲೆ ನಾನು ಸಂಶೋಧನೆಗೆ ಹೆಸರು ಹಚ್ಚಿದೆ. ಅವಳು ಹಚ್ಚಲಿಲ್ಲ. ಮನೆಯಲ್ಲಿ ಬೇಡ ಅಂದರು ಎಂದಳು, ನಾನು ಅಷ್ಟಕ್ಕೇ ಬಿಟ್ಟೆ. ಇಬ್ಬರೂ ತಾಲೂಕಿನ ಒಂದು ಕಾಲೇಜಿನಲ್ಲಿ ತಾಸಿನ ಲೆಕ್ಕದಲ್ಲಿ ಪಾಠ ಮಾಡುತ್ತಿದ್ದೆವು. ಪಾಠ ಮಾಡಿದ ತಾಸಿಗಷ್ಟೇ ಸಂಬಳ, ರಜೆ ಬಂದರೆ ಮನೆ.

ನನ್ನ ವಿಷಯದ ಹೆಸರು ಹೇಳಿದರೆ ನೆಂಟರು ಮುಖ ಮುಖ ನೋಡಿಕೊಳ್ಳುತ್ತಿದ್ದರು. ಲೀ ಮಾದರಿಯ ಪರಿಮಿತ ಗ್ರೂಪುಗಳಲ್ಲಿ ಅವಿಭಾಜ್ಯ ಘಾತದ ಅಬೀಲಿಯನ್ ಉಪಗ್ರೂಪುಗಳು. ಹೆಸರಿಗೆ ಹೆದರಬೇಕಾಗಿಲ್ಲ, ಒಳಗಿನ ಮಾತು ಸರಳ. ಕೆಲವು ಕೆಲಸಗಳನ್ನು ಹಿಂದುಮುಂದು ಮಾಡಿದರೂ ನಡೆಯುತ್ತದೆ. ಬೇಳೆಗೆ ಮೊದಲು ಉಪ್ಪು ಹಾಕಿ, ಮೊದಲು ಖಾರ ಹಾಕಿ, ಸಾರು ಒಂದೇ. ಕೆಲವು ಹಾಗಲ್ಲ. ಹತ್ತಿ ತುಂಬಿ ಗಾದಿಯ ಬಾಯಿ ಹೊಲಿಯಬೇಕು, ಬಾಯಿ ಹೊಲಿದು ಹತ್ತಿ ತುಂಬಲು ಬರುವುದಿಲ್ಲ. ಯಾವ ಎರಡನ್ನು ತೆಗೆದುಕೊಂಡರೂ ಹಿಂದುಮುಂದಿನ ತಂಟೆಯಿಲ್ಲದೆ ಹೊಂದಿಕೊಂಡು ಹೋಗುವ ಕೂಟಕ್ಕೆ ಅಬೀಲಿಯನ್ ಎನ್ನುತ್ತಾರೆ. ಅವಿಭಾಜ್ಯ ಘಾತವೆಂದರೆ ಆ ಕೂಟದಲ್ಲಿರುವವರ ಎಣಿಕೆ ಮೂರು, ಒಂಬತ್ತು, ಇಪ್ಪತ್ತೇಳು, ಹೀಗೆ ಒಂದೇ ಅವಿಭಾಜ್ಯ ಸಂಖ್ಯೆಯನ್ನು ಅದರಿಂದಲೇ ಗುಣಿಸುತ್ತ ಹೋದಾಗ ಸಿಗುವ ಸಂಖ್ಯೆ.

ಇನ್ನು ಲೀ ಮಾದರಿಯ ಗ್ರೂಪು ಎಂದರೆ ಸಂಖ್ಯೆಗಳನ್ನು ಚೌಕದಲ್ಲಿ ಜೋಡಿಸಿದ ಕೋಷ್ಟಕಗಳ ದೊಡ್ಡ ಜನಸಂದಣಿ. ಆ ಸಂಖ್ಯೆಗಳು ಕೊನೆಯಿಲ್ಲದೆ ಬೆಳೆಯುವುದಿಲ್ಲ, ವಾರದ ದಿನಗಳ ಹಾಗೆ ಸುತ್ತಿ ಬರುತ್ತವೆ. ಇದನ್ನು ಗೆಳತಿಗೆ ನಾನು ಸಂತೆಯ ಲೆಕ್ಕದಲ್ಲಿ ಹೇಳಿಕೊಟ್ಟಿದ್ದೆ. ಸಂತೆಯಾಗಿ ಎಂಟು ದಿನ ಕಳೆದರೂ ಒಂದೇ, ಒಂದು ದಿನ ಕಳೆದರೂ ಒಂದೇ, ಎರಡೂ ಸಂತೆಯ ಮರುದಿನವೇ. ಆದ್ದರಿಂದ ಎಂಟು ಅಂದರೆ ಒಂದು. ಎರಡನ್ನು ಎರಡರಿಂದ, ಮತ್ತೆ ಎರಡರಿಂದ ಗುಣಿಸಿದರೆ ಎಂಟು, ಅಂದರೆ ಒಂದು. ಅವಳಿಗೆ ಇದು ಬಹಳ ಹಿಡಿಸಿತ್ತು. "ಸಂತಿ ಲೆಕ್ಕಾ ಚಲೋ ಐತಿ ಗೆಳತಿ, ಇದನ್ನ ಮರೀಬ್ಯಾಡ" ಎಂದಿದ್ದಳು. ಅವಳೂ ಮರೆಯಲಿಲ್ಲ.

ಆ ದೊಡ್ಡ ಸಂದಣಿಯಲ್ಲಿ ಹೊಂದಿಕೊಂಡು ಹೋಗುವ ಇಂಥ ಚಿಕ್ಕ ಕೂಟಗಳು ಎಲ್ಲಿ ಇರುತ್ತವೆ ಎಂಬುದು ನನ್ನ ಪ್ರಶ್ನೆ. ತೋರಸ್ ಎಂಬ ಒಂದು ಶಿಸ್ತಿನ ಜಾಗವಿದೆ. ಸರಿಯಾದ ಕಡೆಯಿಂದ ನೋಡಿದರೆ ಅಲ್ಲಿನ ಕೋಷ್ಟಕಗಳಲ್ಲಿ ಮೂಲೆಯಿಂದ ಮೂಲೆಗೆ ಹೋಗುವ ಒಂದೇ ಸಾಲಿನಲ್ಲಿ ಸಂಖ್ಯೆಗಳಿರುತ್ತವೆ, ಉಳಿದದ್ದೆಲ್ಲ ಸೊನ್ನೆ. ನಾನು ಕೈಗೆತ್ತಿಕೊಂಡ ಗ್ರೂಪುಗಳಲ್ಲಿ ಇಂಥ ಕೂಟ ಯಾವಾಗಲೂ ಒಂದು ತೋರಸಿನ ಒಳಗೇ ಇರುತ್ತದೆ ಎಂದು ನಾನು ಸಾಧಿಸಿದ್ದೆ. ಸಾಧಿಸಿದ್ದೇನೆ ಎಂದುಕೊಂಡಿದ್ದೆ. ನನ್ನ ಮಾರ್ಗದರ್ಶಕರಿಗೆ ಈ ವಿಷಯ ಹೊಸದು, ಬೇರೆ ಊರಿನ ಪತ್ರಿಕೆಗಳು ನಮ್ಮ ಗ್ರಂಥಾಲಯಕ್ಕೆ ಬಂದರೆ ಬಂದವು, ಇಲ್ಲದಿದ್ದರೆ ಇಲ್ಲ. ನನ್ನ ನಿಜವಾದ ಪರೀಕ್ಷಕಿ ಎದುರು ಮನೆಯ ಗೆಳತಿ.

ಆ ಪ್ರಬಂಧದ ಮೇಲೆ ನನ್ನ ಇಡೀ ಜೀವ ನಿಂತಿತ್ತು ಎಂದರೆ ಹೆಚ್ಚು ಹೇಳಿದಂತಾಗುವುದಿಲ್ಲ. ಕಾಲೇಜಿನಲ್ಲಿ ಗಣಿತಕ್ಕೆ ಒಂದು ಖಾಯಂ ಜಾಗ ಮಂಜೂರಾಗಿತ್ತು. ಪ್ರಬಂಧ ಸಲ್ಲಿಸಿ ಬಾ, ಜಾಗ ನಿನ್ನದೇ ಎಂದು ಪ್ರಾಚಾರ್ಯರು ಬಾಯಿಬಿಟ್ಟು ಹೇಳಿದ್ದರು. ಇತ್ತ ಮನೆಗೆ ಬರುವ ವರಗಳನ್ನೆಲ್ಲ ಅಪ್ಪ ವಾಪಸು ಕಳಿಸುತ್ತಿದ್ದ. "ಹುಡುಗಿ ಪಿಎಚ್‌ಡಿ ಮುಗಸ್ಲಿರಿ, ಆಮ್ಯಾಲ ನೋಡೂನು" ಎಂದು ಹತ್ತಿ ಹಾರಿಸುತ್ತಲೇ ಉತ್ತರ ಕೊಡುತ್ತಿದ್ದ. ನೆಂಟರು ನಗುತ್ತಿದ್ದರು. ಅವರ ನಗೆಗೆ ಅಪ್ಪ ಬೆನ್ನು ಕೊಟ್ಟು ನಿಂತದ್ದು ಆ ಒಂದು ಪ್ರಬಂಧದ ಭರವಸೆಯ ಮೇಲೆ.

ಸಲ್ಲಿಸುವ ಮೊದಲು ವಿಭಾಗದಲ್ಲಿ ಎಲ್ಲರೆದುರು ಅದನ್ನು ಮಂಡಿಸಬೇಕು. ಹೊರಗಿನಿಂದ ತಜ್ಞರೊಬ್ಬರು ಬರುವವರಿದ್ದರು. ಅದಕ್ಕೂ ಮುಂಚೆ ಒಂದು ಮಧ್ಯಾಹ್ನ ಗೆಳತಿಯನ್ನು ಕರೆದೆ. ಅಜ್ಜಿ ತೀರಿಕೊಂಡು ಆಗಲೇ ಬಹಳ ದಿನಗಳಾಗಿದ್ದವು, ಆದರೆ ಹತ್ತಿಯ ಗುಡ್ಡೆ ಇತ್ತು. ಇಬ್ಬರೂ ಹಿಂಜುತ್ತ ಕುಳಿತೆವು. ನಾನು ಮೊದಲಿನಿಂದ ಕೊನೆಯವರೆಗೆ ಹೇಳಿದೆ. ಹೂಂ. ಹೂಂ. ಮೂರನೆಯ ಅಧ್ಯಾಯಕ್ಕೆ ಬಂದೆ. "ಇವೆರಡೂ ಒಂದಕ್ಕೊಂದು ಹೊಂದತಾವು. ಅಂದಮ್ಯಾಲ ಎರಡನ್ನೂ ಕೂಡೇ ಒಂದು ಸಾಲಿಗೆ ತರಬೌದು" ಎಂದೆ.

ಅವಳು ಸುಮ್ಮನಾದಳು. ನಾನು ಮುಖ ಎತ್ತಿ ನೋಡಿದೆ. ಪಕ್ಕದಲ್ಲಿದ್ದ ತಂಬಿಗೆ ಎತ್ತಿ ನೀರು ಕುಡಿದಳು, ಸೆರಗಿನಿಂದ ಬಾಯಿ ಒರೆಸಿಕೊಂಡಳು. ಆಮೇಲೆ "ಹೂಂ" ಅಂದಳು. ಬಾಯಾರಿಕೆ ಎಂದುಕೊಂಡು ನಾನು ಮುಂದೆ ಹೋದೆ. ಎಲ್ಲ ಮುಗಿದಾಗ ಅವಳು ಎದ್ದು ಮೈಮೇಲಿನ ಹತ್ತಿ ಕೊಡವಿಕೊಂಡು, "ಚಲೋ ಆಗೇತಿ. ಧೈರ್ಯಾದಿಂದ ಹೇಳು" ಎಂದಳು. ಅಮ್ಮ ಇಬ್ಬರಿಗೂ ಚಹಾ ಕೊಟ್ಟಳು.

ಮಂಡನೆಯ ದಿನ ಅವಳೂ ನನ್ನ ಜೊತೆ ವಿದ್ಯಾಪೀಠಕ್ಕೆ ಬಂದಳು. ದಾರಿಯುದ್ದಕ್ಕೂ ನನ್ನ ಚೀಲ ಅವಳ ತೊಡೆಯ ಮೇಲಿತ್ತು. ನಾನು ಒಂದು ತಾಸು ಮಾತಾಡಿದೆ. ತಜ್ಞರು ಒಂದೆರಡು ಸಣ್ಣ ಪ್ರಶ್ನೆ ಕೇಳಿದರು, ಉತ್ತರ ಕೊಟ್ಟೆ. ಮಾರ್ಗದರ್ಶಕರು ಎದ್ದು ವಂದನಾರ್ಪಣೆಗೆ ಗಂಟಲು ಸರಿಮಾಡಿಕೊಳ್ಳುವಾಗ ಹಿಂದಿನ ಬೆಂಚಿನಿಂದ ಅವಳು ಕೈ ಎತ್ತಿದಳು. "ಮ್ಯಾಡಮ್, ನನ್ನದೊಂದು ಶಂಕೆ ಇದೆ" ಎಂದು ಮರಾಠಿಯಲ್ಲಿ ಅಂದಳು. ಮ್ಯಾಡಮ್! ಹುಟ್ಟಿದಾಗಿನಿಂದ ನನ್ನ ಜೊತೆ ಗಣಿತವನ್ನು ಮರಾಠಿಯಲ್ಲಿ ಮಾತಾಡಿದವಳಲ್ಲ. ಯಾರೋ ಬೇರೆ ಹೆಣ್ಣುಮಗಳು ಎದ್ದಿದ್ದಾಳೆ ಎಂದೇ ನಾನು ತಿರುಗಿ ನೋಡಿದೆ.

"ಮೂರನೆಯ ಅಧ್ಯಾಯ. ಅವಿಭಾಜ್ಯ ಸಂಖ್ಯೆ ಮೂರು ಆದರೆ?" ಎಂದು ಕೇಳಿದಳು. ನನಗೆ ಅರ್ಥವಾಗಲಿಲ್ಲ. ತಜ್ಞರು ಮುಂದೆ ಬಂದು ತೋರಿಸಿ ಎಂದರು. ಅವಳು ಬಂದು ನನ್ನ ಕೈಯಿಂದಲೇ ಸುಣ್ಣದ ಕಡ್ಡಿ ತೆಗೆದುಕೊಂಡು ಹಲಗೆಯ ಮೇಲೆ ಎರಡು ಕೋಷ್ಟಕ ಬರೆದಳು. ಒಂದರಲ್ಲಿ ಮೂಲೆಯಿಂದ ಮೂಲೆಗೆ ಒಂದು, ಎರಡು, ನಾಲ್ಕು. ಇನ್ನೊಂದು, ಮೂರು ಜಾಗಗಳನ್ನು ಸುಮ್ಮನೆ ಸುತ್ತು ಬದಲಿಸುವುದು. ಲೆಕ್ಕ ಏಳು ದಿನದ್ದು. ಎಂಟು ಅಂದರೆ ಒಂದು. ನನ್ನ ಸಂತೆಯ ಲೆಕ್ಕ.

ಎರಡನ್ನೂ ಗುಣಿಸಿದಳು, ಹಿಂದುಮುಂದು ಮಾಡಿ ಮತ್ತೆ ಗುಣಿಸಿದಳು. ಒಂದು ಉತ್ತರ ಇನ್ನೊಂದರ ಎರಡು ಪಟ್ಟು ಬಂತು. ನಾನು ತೆಗೆದುಕೊಂಡ ಗ್ರೂಪುಗಳಲ್ಲಿ ಇಡೀ ಕೋಷ್ಟಕವನ್ನು ಎರಡರಿಂದ ಗುಣಿಸಿದರೂ ಅದನ್ನು ಅದೇ ಕೋಷ್ಟಕ ಎಂದೇ ಎಣಿಸುವ ಪದ್ಧತಿ. ಹೀಗಾಗಿ ಅಲ್ಲಿ ಅವೆರಡೂ ಹೊಂದಿಕೊಂಡಂತೆ ಕಾಣುತ್ತವೆ. ಆ ಎರಡು ಪಟ್ಟನ್ನು ನೋಡಿಯೂ ನೋಡದಂತೆ ಬಿಟ್ಟಾಗ ಮಾತ್ರ ಅವುಗಳ ಹೊಂದಾಣಿಕೆ. ನಿಜದಲ್ಲಿ ಅವು ಹೊಂದುವುದೇ ಇಲ್ಲ, ಆದ್ದರಿಂದ ಎರಡನ್ನೂ ಕೂಡಿ ಒಂದು ಸಾಲಿಗೆ ತರಲು ಯಾರಿಂದಲೂ ಆಗದು. ಆ ಎರಡರಿಂದ ಹುಟ್ಟುವ ಒಂಬತ್ತು ಜನರ ಪುಟ್ಟ ಕೂಟ ಯಾವ ತೋರಸಿನಲ್ಲೂ ಇಲ್ಲ. ನನ್ನ ಪ್ರಮೇಯ ಅಲ್ಲಿಗೆ ಬಿತ್ತು, ಅದರ ಮೇಲೆ ಕಟ್ಟಿದ ನಾಲ್ಕು ಮತ್ತು ಐದನೆಯ ಅಧ್ಯಾಯಗಳೂ ಬಿದ್ದವು.

ತಜ್ಞರು "ವ್ಹಾ!" ಎಂದರು. ನನ್ನನ್ನು ನೋಡಿ ಅಲ್ಲ. "ಎಷ್ಟು ದಿನದಿಂದ ಇದರ ಮೇಲೆ ವಿಚಾರ ಮಾಡುತ್ತಿದ್ದೀರಿ?" ಎಂದು ಅವಳನ್ನು ಕೇಳಿದರು. "ಬಹಳ ದಿನ ಆಯಿತು ಸರ್" ಎಂದಳು. ಹಲಗೆಯ ಪಕ್ಕದಲ್ಲಿ ನಿಂತಿದ್ದ ನನಗೆ ಆಗ ಕಣ್ಣಮುಂದೆ ಬಂದದ್ದು ಆ ಮಧ್ಯಾಹ್ನ ಅವಳು ನೀರು ಕುಡಿದ ತಂಬಿಗೆ.

ವಾಪಸು ಬರುವಾಗ ಬಸ್ಸಿನಲ್ಲಿ ಬೇರೆ ಬೇರೆ ಸೀಟಿನಲ್ಲಿ ಕುಳಿತೆವು. ನನ್ನ ಚೀಲ ನನ್ನ ತೊಡೆಯ ಮೇಲೆ. ಜತ್ತ ಬರುವವರೆಗೂ ನಾನು ಅಳಲಿಲ್ಲ. ಮನೆಗೆ ಬಂದಾಗ ಅಪ್ಪ, "ಹ್ಯಾಂಗಾತವ್ವಾ? ಮುಗೀತಲ್ಲಾ?" ಎಂದು ಕೇಳಿದ. ಮುಗಿಯಿತು ಎಂದೆ. ಆ ಉತ್ತರ ಕೇಳಿ ಅಪ್ಪ ಸಕ್ಕರೆ ತರಲು ಎದುರಿನ ಕಿರಾಣಿ ಅಂಗಡಿಗೇ ಹೊರಟ. ತಡೆದು ನಿಲ್ಲಿಸಿ ಎಲ್ಲ ಹೇಳಬೇಕಾಯಿತು.

ಒಂದು ಮಾತು ಸ್ಪಷ್ಟವಾಗಿ ಹೇಳುತ್ತೇನೆ. ತಪ್ಪು ನನ್ನದೇ, ಆ ಬಗ್ಗೆ ನನಗೆ ಯಾರ ಜೊತೆಗೂ ಜಗಳವಿಲ್ಲ. ಗಣಿತ ಮಾಡುವವರು ತಪ್ಪು ಮಾಡುತ್ತಾರೆ, ಅದಕ್ಕೇ ಇನ್ನೊಬ್ಬರಿಗೆ ಹೇಳಿ ತೋರಿಸುವುದು. ಆವತ್ತು ಮಧ್ಯಾಹ್ನ ಅವಳು ಹೂಂ ಅನ್ನದೆ ಸುಮ್ಮನೆ ಕುಳಿತಿದ್ದರೆ ಸಾಕಿತ್ತು. ಬಾಯಿಬಿಟ್ಟು ಏನೂ ಹೇಳಬೇಕಾಗಿರಲಿಲ್ಲ. ನಾನು ಹಿಂದೆ ಹೋಗಿ ಹುಡುಕಿಕೊಳ್ಳುತ್ತಿದ್ದೆ, ಅಷ್ಟು ವರ್ಷ ಹುಡುಕಿಕೊಂಡ ಹಾಗೆಯೇ. ಬೇಕಾದರೆ ಆ ಉದಾಹರಣೆಗೆ ಅವಳ ಹೆಸರನ್ನೇ ಇಟ್ಟು ಪ್ರಬಂಧದಲ್ಲಿ ಬರೆಯುತ್ತಿದ್ದೆ.

ಊರಲ್ಲಿ ಕೆಲವರು ಇದಕ್ಕೆ ಜಾತಿ ಧರ್ಮದ ಬಣ್ಣ ಬಳಿಯಲು ಬಂದರು. ಅವರನ್ನು ನಾನು ಅಂಗಡಿಯ ಮೆಟ್ಟಿಲು ಹತ್ತಗೊಡಲಿಲ್ಲ. ಅವಳು ನಮ್ಮ ಮನೆಯ ಹತ್ತಿಯಲ್ಲಿ ಬೆಳೆದವಳು. ನನಗೆ ಮೋಸ ಮಾಡಿದ್ದು ಅವಳ ಜಾತಿಯಲ್ಲ, ಅವಳು. ಅದನ್ನು ಬೇರೆಯವರು ಹಂಚಿಕೊಳ್ಳುವುದು ನನಗೆ ಬೇಕಿರಲಿಲ್ಲ.

ಆ ತಜ್ಞರು ಅವಳನ್ನು ತಮ್ಮಲ್ಲಿ ಸಂಶೋಧನೆಗೆ ಸೇರಿಸಿಕೊಂಡರು. ಕಾಲೇಜಿನವರು ಇನ್ನು ಕಾಯಲಾಗದು ಎಂದು ಸಂದರ್ಶನ ಕರೆದರು, ಪದವಿ ಇನ್ನೂ ಇಲ್ಲದಿದ್ದರೂ ತಜ್ಞರ ಮಾತಿನ ಮೇಲೆ ಖಾಯಂ ಜಾಗ ಅವಳಿಗೆ ಹೋಯಿತು. ಅವಳು ಅರ್ಜಿ ಹಾಕಿದ್ದಳೆಂಬುದೇ ನನಗೆ ಗೊತ್ತಿರಲಿಲ್ಲ. ಅಪ್ಪ ಈ ಸಲ ಬಂದ ವರವನ್ನು ವಾಪಸು ಕಳಿಸಲಿಲ್ಲ. ನಾನು ಮದುವೆಯಾಗಿ ಶೇಗಾಂವಕ್ಕೆ ಬಂದೆ. ಗಂಡ ಒಳ್ಳೆಯವನು ಸಿಕ್ಕಿದ್ದು ನನ್ನ ಪುಣ್ಯ, ಪ್ರಮೇಯಕ್ಕೂ ಅದಕ್ಕೂ ಸಂಬಂಧವಿಲ್ಲ. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತ, ಮಗುವಿಗೆ ಹಾಲು ಕುಡಿಸುತ್ತ, ಮೂರನೆಯ ಅಧ್ಯಾಯವನ್ನು ಮತ್ತೆ ಬರೆದೆ. ಕೆಲವು ಚಿಕ್ಕ ಅವಿಭಾಜ್ಯಗಳನ್ನು ಹೊರಗಿಟ್ಟರೆ ನನ್ನ ಪ್ರಮೇಯ ನಿಲ್ಲುತ್ತದೆ. ಗಿಡ್ಡದಾಯಿತು, ಆದರೆ ನಿಂತಿತು. ಪದವಿ ಬಂದಾಗ ಅಪ್ಪ ಬಹಳ ಸೊರಗಿದ್ದ. ನೆಂಟರಿಗೆ ಅದನ್ನು ಹೇಳಿಕೊಂಡು ತಿರುಗುವಷ್ಟು ಶಕ್ತಿ ಉಳಿದಿರಲಿಲ್ಲ. ಅದನ್ನು ನಾನು ಕ್ಷಮಿಸಿಲ್ಲ.

ಪದವಿ ಬಂದ ಮರುವರ್ಷ ಮಗುವನ್ನು ಕರೆದುಕೊಂಡು ತವರಿಗೆ ಹೋಗಿದ್ದೆ. ಮಧ್ಯಾಹ್ನ ಅಮ್ಮನಿಗೆ ನೆರವಾಗಲು ಹತ್ತಿ ಹಿಂಜುತ್ತ ಕುಳಿತಿದ್ದಾಗ ಅವಳು ರಸ್ತೆ ದಾಟಿ ಬಂದಳು. ಮೈ ತುಂಬಿಕೊಂಡಿದ್ದಳು, ಕನ್ನಡಕ ಬಂದಿತ್ತು. "ಕುಂದರ್ಲೇನ?" ಎಂದಳು. ಹತ್ತಿ ಎಲ್ಲರದು, ಕೂರಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ. ಕುಳಿತಳು. ಕೈ ತಾನಾಗಿ ಒಂದು ಗಂಟು ಎತ್ತಿಕೊಂಡು ಹಿಂಜತೊಡಗಿತು.

"ನಿನಗೊಂದು ಹೇಳೋದೈತಿ" ಎಂದು ಶುರುಮಾಡಿದಳು. ಆವತ್ತು ಮಧ್ಯಾಹ್ನ ತನಗೆ ಏನೂ ತೋಚಿರಲಿಲ್ಲವಂತೆ. ಮಂಡನೆಗೆ ಹೋಗುವಾಗ ಬಸ್ಸಿನಲ್ಲಿ ಕುಳಿತಾಗ ಹೊಳೆಯಿತಂತೆ. ನಾನು ಗಾಬರಿಯಾಗುತ್ತೇನೆಂದು ಹೇಳಲಿಲ್ಲವಂತೆ. ಎಲ್ಲರೆದುರು ಏಳಬಾರದೆಂದೇ ಇದ್ದಳಂತೆ, ಹೇಗೋ ಕೈ ಎದ್ದುಬಿಟ್ಟಿತಂತೆ. ಪ್ರತಿ ಮಾತಿಗೂ ಒಂದು ಕ್ಷಣ ನಿಲ್ಲುತ್ತಿದ್ದಳು. ಯಾಕೆ ನಿಲ್ಲುತ್ತಾಳೆಂದು ನನಗೆ ಗೊತ್ತಿತ್ತು. ನಾನು ಹತ್ತಿ ಹಿಂಜುತ್ತಲೇ ಇದ್ದೆ.

"ಹೂಂ ಅನ್ನಲ್ಲಾ" ಎಂದಳು ಕೊನೆಗೆ.

ನಾನು ಅನ್ನಲಿಲ್ಲ. ಅವಳ ಮುಖ ಕೆಂಪಗಾಯಿತು. ಕೈಯಲ್ಲಿದ್ದ ಹತ್ತಿಯನ್ನು ಗುಡ್ಡೆಗೆ ಎಸೆದಳು.

"ಸಣ್ಣಾಕಿ ಇದ್ದಾಗಿಂದ ನೀ ಹೇಳಾಕಿ, ನಾ ಹೂಂ ಅನ್ನಾಕಿ. ಎಷ್ಟ ವರ್ಷ ಬರೇ ಹೂಂ ಅನ್ಕೋತ ಕುಂದರ್ಲಿ? ಒಂದ ದಿನಾ ಆದ್ರೂ ನೀ ಹೇಳು, ನಾ ಕೇಳ್ತೀನಿ ಅಂದಿದ್ದೇನ ನನಗ? ನಾ ಯಾಕ ಪಿಎಚ್‌ಡಿಗೆ ಹೆಸರ ಹಚ್ಚಲಿಲ್ಲ ಅಂತ ಎರಡನೇ ಸಲಾ ಕೇಳಿದ್ದೇನ?"

"ಹೇಳಿದ್ರ ಕೇಳ್ತಿದ್ನಿ" ಎಂದೆ. ನನ್ನ ದನಿಯೂ ಏರಿತು. "ಬಾಯಿ ಇತ್ತಲ್ಲಾ ನಿನಗ? ಅದs ಬಾಯಿಲೆ ನಮ್ಮಪ್ಪನ ಮಾತು ಮಣ್ಣು ಮಾಡಿದಿ. ಈಗ ಇಲ್ಲಿ ಕುಂತು ಬಸ್ಸಿನ ಕಥಿ ಹೇಳ್ತಿ?"

ಒಳಗೆ ಮಲಗಿದ್ದ ಮಗು ಎದ್ದು ಅತ್ತಿತು. ಅಮ್ಮ ಹೋಗಿ ತಟ್ಟಿ ಮಲಗಿಸಿದಳು. ಆಮೇಲೆ ನಾನು ದನಿ ಇಳಿಸಿ ಕೇಳಿದೆ.

"ಒಂದs ಕೇಳ್ತೀನಿ. ಆವತ್ತ ಮೂರನೇ ಅಧ್ಯಾಯಕ್ಕ ನೀ ನೀರ ಕುಡದಿ. ಆಗಲೇ ಗೊತ್ತಿತ್ತೇನ ನಿನಗ?"

ಅವಳು ನನ್ನನ್ನೇ ನೋಡಿದಳು. ತಂಬಿಗೆ ಪಕ್ಕದಲ್ಲೇ ಇತ್ತು, ಈ ಸಲ ಅದನ್ನು ಮುಟ್ಟಲಿಲ್ಲ.

"ಹೂಂ" ಅಂದಳು.

ಅಜ್ಜಿ ಇದ್ದಿದ್ದರೆ ಆ ಹೂಂ ಅನ್ನು ನಿಜದ್ದೆಂದು ಒಪ್ಪಿಕೊಳ್ಳುತ್ತಿದ್ದಳು. ಗೆಳತಿ ಎದ್ದು, ಸೀರೆಗೆ ಹತ್ತಿದ ಹತ್ತಿಯನ್ನು ಕೊಡವಿಕೊಳ್ಳದೆ ಹಾಗೇ ರಸ್ತೆ ದಾಟಿ ಹೋದಳು. ನಾನು ಹಿಂಜುವುದನ್ನು ಮುಂದುವರಿಸಿದೆ. ಅವತ್ತಿನಿಂದ ನಾನು ಯಾರಿಗೂ ಹೂಂ ಅಂದಿಲ್ಲ.